ಗೇಟಿಗೆ ಬೀಗ ಹಾಕಿದ್ರೆ ಸಾಕಾ?

2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಬಿವಿಬಿ ಕಾಲೇಜು ಆವರಣದಲ್ಲೇ ಎಂಸಿಎ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಇಂಥ ಸುದ್ದಿ ಬಂದಾಗ ನಮ್ಮ ಇಟ್ಟಿಗಿ, ಕೊಟ್ಟೂರು ಕಡೆ ಮನೆಗಳಲ್ಲಿ ಮೊದಲು ಬರೋ ಮಾತು: ‘ಮಗಳನ್ನ ಅಷ್ಟು ದೂರ ಓದಿಸೋದು ಬ್ಯಾಡ.’ ತಪ್ಪು ಯಾರದೋ, ಓದು ನಿಲ್ಲೋದು ಹುಡುಗಿಯರದು.

ಕಾಲೇಜುಗಳಿಗೆ ಆಗ ಹೊಳೆಯೋದೂ ಗೇಟಿನಲ್ಲಿ ಐಡಿ ಕಾರ್ಡು, ಇನ್ನೆರಡು ಸಿಸಿಟಿವಿ, ಲೇಡೀಸ್ ಹಾಸ್ಟೆಲ್ಲಿಗೆ ಬೇಗ ಬೀಗ. ಆದರೆ ಹುಬ್ಬಳ್ಳಿಯಲ್ಲಿ ಆರೋಪಿ ಆಕೆಯ ಹಳೆಯ ಸಹಪಾಠಿ. ಕ್ಯಾಮೆರಾ ಆದದ್ದನ್ನು ತೋರಿಸುತ್ತೆ, ಅಷ್ಟೇ. ಯಾರಾದರೂ ಬೆನ್ನು ಬೀಳೋದು, ಹೆದರಿಸೋದು ಶುರುವಾದಾಗಲೇ ಯಾರ ಹತ್ತಿರ ಹೋಗಬೇಕು ಅನ್ನೋದು ನಮ್ಮ ಪ್ರಶ್ನೆ.

ಯುಜಿಸಿಯ 2015ರ ನಿಯಮ ಇದಕ್ಕೊಂದು ದಾರಿ ಹೇಳಿದೆ. ಲೈಂಗಿಕ ಕಿರುಕುಳದ ದೂರು ಕೇಳಲು ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಬೇಕು. ವಿದ್ಯಾರ್ಥಿಗಳ ವಿಷಯವಾದರೆ ಅದರಲ್ಲಿ ಚುನಾಯಿತ ಮೂವರು ವಿದ್ಯಾರ್ಥಿಗಳು ಕೂರಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಹೊರಗಿನವರು ಕೊಡೋ ಕಿರುಕುಳವನ್ನೂ ನಿಯಮ ಬಿಟ್ಟಿಲ್ಲ.

ಆ ಮೂವರಿಗೆ ನೀವು ಯಾವಾಗ ವೋಟ್ ಹಾಕಿದ್ರಿ? ನಾವಂತೂ ಹಾಕಿಲ್ಲ. ಫೆಸ್ಟ್ ಕೋಆರ್ಡಿನೇಟರ್‌ಗಳ ನಂಬರ್ ಎಲ್ಲರ ಮೊಬೈಲಿನಲ್ಲೂ ಇದೆ, ಸಮಿತಿಯವರದು ಇಲ್ಲ!

ಇನ್ನೊಂದು ಮಾತು, ನಿಯಮದ ಪುಸ್ತಕಕ್ಕಿಂತ ದೊಡ್ಡದು. ದೂರು ಕೊಟ್ಟವಳನ್ನ ಕೇಳದೆ ಅವಳ ಮನೆಗೆ ಫೋನ್ ಮಾಡಬಾರದು. ಫೋನ್ ಹೋದರೆ ಬ್ಯಾಗ್ ಕಟ್ಟಿಕೊಂಡು ಊರಿನ ಬಸ್ ಹತ್ತಬೇಕಾಗುತ್ತೆ ಅಂತಲೇ ಎಷ್ಟೋ ಜನ ಬಾಯಿ ಬಿಡಲ್ಲ. ಇದನ್ನ ಸಮಿತಿ ಬರಹದಲ್ಲಿ ಕೊಡಲಿ. ವರ್ಷಕ್ಕೆ ಎಷ್ಟು ದೂರು ಬಂತು, ಎಷ್ಟು ಮುಗಿತು ಅಂತ ಹೆಸರಿಲ್ಲದೆ ನೋಟಿಸ್ ಬೋರ್ಡಿಗೆ ಹಾಕಲಿ. ಚುನಾವಣೆ ಈ ಸೆಮಿಸ್ಟರಿನಲ್ಲೇ ಆಗಲಿ, ಇಂಟರ್ನಲ್ಸ್ ಶುರುವಾಗೋಕೆ ಮುಂಚೆ.