ಸಣ್ಣ ಊರಿನ ಕಥೆಯೆಂಬ ತಾತ್ಸಾರ

ಎಲಿಜಬೆತ್ ಗ್ಯಾಸ್ಕೆಲ್ ಎಂಬ ಆಂಗ್ಲ ಲೇಖಕಿಯ ‘ಕ್ರ್ಯಾನ್‌ಫರ್ಡ್’ ಕಾದಂಬರಿಯ ವಿಷಯದಲ್ಲಿ ಒಂದು ಮಾತು ರೂಢಿಯಾಗಿ ನಿಂತಿದೆ. ಅದು ಮನೋಹರವಾದರೂ ಹಗುರವಾದ ಗ್ರಂಥವಂತೆ. ವಯಸ್ಸಾದ ಕೆಲವು ಹೆಂಗಸರ ಚಹಾಕೂಟ, ಟೋಪಿ, ಹರಟೆಗಳ ಚಿತ್ರವಂತೆ. ಅದರಲ್ಲಿ ನಡೆಯುವುದೇನೂ ಇಲ್ಲವಂತೆ. ಈ ಮಾತನ್ನು ನಾವು ಖಂಡಿತವಾಗಿ ಒಪ್ಪುವುದಿಲ್ಲ.

ಚಾರ್ಲ್ಸ್ ಡಿಕೆನ್ಸ್ ನಡೆಸುತ್ತಿದ್ದ ‘ಹೌಸ್‌ಹೋಲ್ಡ್ ವರ್ಡ್ಸ್’ ವಾರಪತ್ರಿಕೆಯಲ್ಲಿ 1851ರ ಡಿಸೆಂಬರಿನಿಂದ 1853ರ ಮೇ ತಿಂಗಳವರೆಗೆ ಈ ಕಥೆ ಬಿಡಿಬಿಡಿಯಾಗಿ ಅಚ್ಚಾಗಿ, 1853ರಲ್ಲಿಯೇ ಪುಸ್ತಕವಾಯಿತು. ಲೇಖಕಿಯು ತಾಯಿಯನ್ನು ಕಳೆದುಕೊಂಡು ತಾಯಿಯ ಸೋದರಿಯ ಮನೆಯಲ್ಲಿ ಬೆಳೆದ ನಟ್ಸ್‌ಫರ್ಡ್ ಎಂಬ ಊರೇ ಇದಕ್ಕೆ ಮಾದರಿ. ಬಿಡಿಯಾಗಿ ಬರೆದುದರಿಂದ ಕಥೆಯ ಹೆಣಿಗೆ ಸಡಿಲವೆಂಬುದು ನಿಜ. ಹೆಣಿಗೆ ಸಡಿಲವಾದ ಮಾತ್ರಕ್ಕೆ ಹೂರಣವೂ ಇಲ್ಲವೆನ್ನುವುದು ಯಾವ ನ್ಯಾಯ?

ಏನೂ ನಡೆಯುವುದಿಲ್ಲವೆನ್ನುವವರು ಬ್ಯಾಂಕು ಮುಳುಗಿದ ಪ್ರಸಂಗವನ್ನು ಓದಲಿ. ಮಿಸ್ ಮ್ಯಾಟಿ ಐದು ಚಿನ್ನದ ಸವರನ್ನುಗಳನ್ನು ಹಿಡಿದುಕೊಂಡು ರೇಷ್ಮೆ ಕೊಳ್ಳಲು ಅಂಗಡಿಗೆ ಹೋಗಿರುತ್ತಾಳೆ. ಅಲ್ಲಿ ಒಬ್ಬ ರೈತನ ಐದು ಪೌಂಡಿನ ನೋಟನ್ನು ಅಂಗಡಿಯವನು ತೆಗೆದುಕೊಳ್ಳಲೊಲ್ಲ. ಅದು ಆಕೆಯ ಗಂಟು ಇರುವ ಬ್ಯಾಂಕಿನ ನೋಟು. ತಾನು ಆ ಬ್ಯಾಂಕಿನ ಪಾಲುಗಾರಳೆಂಬ ಒಂದೇ ಕಾರಣದಿಂದ ಆಕೆ ಚಿನ್ನವನ್ನು ರೈತನಿಗಿತ್ತು ಬೆಲೆಯಿಲ್ಲದ ಕಾಗದವನ್ನು ತಾನು ಇಟ್ಟುಕೊಳ್ಳುತ್ತಾಳೆ. ಅಲ್ಲಿ ನಿಂತು ಹಾಗೆ ಮಾಡೆಂದು ಯಾವ ಕಾನೂನೂ ಆಕೆಯನ್ನು ಕೇಳಿರಲಿಲ್ಲ. ಬ್ಯಾಂಕು ಮುಳುಗಿದ ಮೇಲೆ ಆಕೆಗೆ ಉಳಿದದ್ದು ವರ್ಷಕ್ಕೆ ಸುಮಾರು 13 ಪೌಂಡು. ಯುದ್ಧದಲ್ಲಿ ಕತ್ತಿ ಹಿರಿದವನ ಧೈರ್ಯಕ್ಕಿಂತ ಇದು ಯಾವುದರಲ್ಲಿ ಕಡಮೆ?

ಅಧ್ಯಾಪಕರಾದ ನಾವು ವಿಶೇಷವಾಗಿ ಗಮನಿಸಬೇಕಾದುದು ಮುಂದಿನ ಭಾಗ. ಪಾಠ ಹೇಳಿಯಾದರೂ ಆಕೆ ಬದುಕಬಹುದೇ ಎಂದು ಕಥೆ ಹೇಳುವ ಮೇರಿ ಲೆಕ್ಕ ಹಾಕುತ್ತಾಳೆ. ಮಿಸ್ ಮ್ಯಾಟಿಗೆ ಬರುವುದು ಬಣ್ಣದ ಕಾಗದದಿಂದ ದೀಪ ಹೊತ್ತಿಸುವ ಕಡ್ಡಿ ಮಾಡುವುದು, ಅಂದದ ಹೆಣಿಗೆ ಹೆಣೆಯುವುದು. ಭೂಗೋಳದ ಸಮಭಾಜಕ ವೃತ್ತವು ಆಕೆಗೆ ಬರಿಯ ಕಲ್ಪನೆ. ಉದ್ದ ಪದಗಳನ್ನು ಓದುವಾಗ ತಡವರಿಸುತ್ತಾಳೆ. ಪಾದ್ರಿಯಾದ ತಂದೆ ಮಗನನ್ನು ಶ್ರೂಸ್‌ಬರಿಯ ಹೆಸರಾಂತ ಶಾಲೆಗೆ ಕಳುಹಿಸಿದ್ದನು. ಈ ಮಗಳಿಗೆ ಅನ್ನ ಕೊಡುವ ವಿದ್ಯೆ ಯಾವುದನ್ನೂ ಕಲಿಸಿರಲಿಲ್ಲ. ನಗುನಗುತ್ತ ಮಾಡಿದ ಈ ಆರೋಪಕ್ಕಿಂತ ತೀಕ್ಷ್ಣವಾದ ಆರೋಪ ಬೇರೆ ಬೇಕೆ?

ಕಡೆಗೆ ಆಕೆ ಚಹಾ ಮಾರಲು ನಿಲ್ಲುತ್ತಾಳೆ. ಅದಕ್ಕೂ ಮೊದಲು, ತನ್ನಿಂದ ಊರ ದಿನಸಿ ವ್ಯಾಪಾರಿಗೆ ನಷ್ಟವಾದೀತೇ ಎಂದು ಅವನನ್ನೇ ಹೋಗಿ ಕೇಳುತ್ತಾಳೆ. ಹೀಗೆ ಕೇಳುತ್ತ ಕುಳಿತರೆ ವ್ಯಾಪಾರ ನಡೆದೀತೇ ಎಂದು ಮೇರಿಯ ತಂದೆ ಹಳಿಯುತ್ತಾನೆ. ಆದರೆ ಆ ವ್ಯಾಪಾರಿಯೇ ತನ್ನ ಗಿರಾಕಿಗಳನ್ನು ಅವಳ ಬಳಿಗೆ ಕಳುಹಿಸುತ್ತಾನೆ. ಎಲ್ಲರನ್ನೂ ಶಂಕಿಸುವ ತಂದೆಯಾದರೋ ಮೋಸಗಾರರಿಂದ ಸಾವಿರ ಪೌಂಡಿಗೂ ಮಿಕ್ಕು ಕಳೆದುಕೊಂಡಿರುತ್ತಾನೆ! ಸೇವಕಿ ಮಾರ್ಥಾ ಒಡತಿಯನ್ನು ಬಿಟ್ಟುಹೋಗದೆ, ತಾನು ಮದುವೆಯಾಗಿ ಮನೆ ಮಾಡಿ, ಆಕೆಯನ್ನೇ ತನ್ನಲ್ಲಿ ಇರಿಸಿಕೊಳ್ಳುತ್ತಾಳೆ. ಗೆಳತಿಯರು ತಮ್ಮ ಬಡತನದಲ್ಲಿಯೂ ಗುಟ್ಟಾಗಿ ಹಣ ಕೂಡಿಸುತ್ತಾರೆ.

ಇಷ್ಟೆಲ್ಲ ನಡೆದರೂ ‘ಏನೂ ನಡೆಯಲಿಲ್ಲ’ ಎನ್ನುವವರ ಅಳತೆಗೋಲೇ ತಪ್ಪು. ನಡೆದುದು ರಾಜಧಾನಿಯಲ್ಲಲ್ಲ, ನಡೆಸಿದವರು ಗಂಡಸರಲ್ಲ ಎಂಬುದೇ ಅವರ ಆಕ್ಷೇಪಣೆಯ ತಿರುಳು. ಗಡಿಯಾಚೆಯ ಸಣ್ಣ ಊರುಗಳಲ್ಲಿ ಕನ್ನಡ ಕಲಿಸುವ ನಾವು, ಕಲಿಯುವ ನಮ್ಮ ಮಕ್ಕಳು, ಆ ಕೋಲಿನಿಂದ ಅಳೆಯಲು ಒಪ್ಪಿದರೆ ನಮ್ಮ ಬಾಳೂ ಬರೆಯಲು ತಕ್ಕದ್ದಲ್ಲವೆಂದು ನಾವೇ ಒಪ್ಪಿದಂತೆ. ಆದುದರಿಂದ ಮೇಲಿನ ತರಗತಿಯ ಮಕ್ಕಳಿಗೆ ಆ ಐದು ಸವರನ್ನುಗಳ ಕಥೆಯನ್ನು ಕನ್ನಡದಲ್ಲಿ ಹೇಳೋಣ. ದೊಡ್ಡ ಸಂಗತಿ ಯಾವುದೆಂಬುದನ್ನು ಮಕ್ಕಳೇ ತೀರ್ಮಾನಿಸಲಿ.