ಮದುವೆಗೆ ಡ್ರೋನ್ ಬೇಕು, ಮಗನ ವಿಮಾನ ಬೇಡವೇ?

ಕಳೆದ ಶವ್ವಾಲ್ ತಿಂಗಳಲ್ಲಿ ಸಂಬಂಧಿಕರೊಬ್ಬರ ಮದುವೆಗೆಂದು ಊರಿಗೆ ಹೋಗಿದ್ದೆ. ಹಾಲ್‌ನ ಅಂಗಳದ ಮೇಲೆ ಗುಂಯ್ ಎನ್ನುತ್ತ ಡ್ರೋನ್ ಕ್ಯಾಮೆರಾ ಹಾರಾಡುತ್ತಿತ್ತು. ಹಿರಿಯರು, ಕಿರಿಯರು ಎಲ್ಲ ತಲೆ ಎತ್ತಿ ನೋಡಿದ್ದೇ ನೋಡಿದ್ದು. ವಿಡಿಯೋದವರಿಗೆ ಎಷ್ಟು ಕೊಟ್ಟಿರಿ ಎಂದು ಒಬ್ಬರೂ ಕೇಳಲಿಲ್ಲ. ಬಿರಿಯಾನಿಯ ಲೆಕ್ಕ ಕೇಳದವರು ಡ್ರೋನಿನ ಲೆಕ್ಕ ಕೇಳುತ್ತಾರೆಯೇ?

ಊಟ ಮುಗಿಸಿ ಬಂದಾಗ ನನ್ನ ಮಗ ಆ ಡ್ರೋನ್ ಹಾರಿಸುವ ಹುಡುಗನ ಪಕ್ಕದಲ್ಲೇ ನಿಂತಿದ್ದ. ಬ್ಯಾಟರಿ ಎಷ್ಟು ಸೆಲ್‌ನದ್ದು, ಗಾಳಿ ಜೋರಾದರೆ ಏನು ಮಾಡುತ್ತೀರಿ ಎಂದೆಲ್ಲ ಕೇಳುತ್ತಿದ್ದ. ನನ್ನನ್ನು ಕಂಡ ಆ ಹುಡುಗ, “ಉಸ್ತಾದ್, ಇವನಿಗೆ ಇದೆಲ್ಲ ಗೊತ್ತುಂಟು. ಎಲ್ಲಿ ಕಲಿತದ್ದು?” ಎಂದ. ನಾನು ತಲೆ ತಗ್ಗಿಸಿದೆ. ಯಾಕೆಂದರೆ ಅದಕ್ಕೂ ನಾಲ್ಕು ತಿಂಗಳ ಹಿಂದೆ, ಅದೇ ಮಗ ತನ್ನ ಕೈಯಾರೆ ಮಾಡಿದ ವಿಮಾನವನ್ನು ಕಿತ್ತುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದವನು ನಾನೇ.

ನಾನು ಮದ್ರಸ ಕಲಿಸುವುದು ಬೆಳಗಾವಿ ಜಿಲ್ಲೆಯ ಯರಗಟ್ಟಿಯಲ್ಲಿ. ಊರಿನಲ್ಲಿ ಉಸ್ತಾದ್ ಆದವನು ಇಲ್ಲಿ ಹಜರತ್. ಕುಟುಂಬವೂ ಇಲ್ಲೇ. ಮಗ ಹತ್ತನೇ ತರಗತಿ. ಎರಡು ಪೆರ್ನಾಲಿನ ದುಡ್ಡು ಕೂಡಿಟ್ಟು, ಕೊರಿಯರ್‌ನಲ್ಲಿ ಮೋಟಾರ್, ಸರ್ವೋ, ಬ್ಯಾಟರಿ, ರಿಮೋಟ್ ಎಲ್ಲ ತರಿಸಿದ್ದ. ಟಿ.ವಿ. ಪೆಟ್ಟಿಗೆಯ ಥರ್ಮಾಕೋಲ್ ಕೊಯ್ದು ರೆಕ್ಕೆ ಮಾಡಿದ್ದ. ಒಟ್ಟು ನಾಲ್ಕೂವರೆ ಸಾವಿರ ಆಯಿತು ಎಂದು ಹೇಳಿದ್ದೇ ತಡ, ನನಗೆ ಸಿಟ್ಟು ನೆತ್ತಿಗೇರಿತು. “ಇದು ಇಸ್ರಾಫ್. ಪರೀಕ್ಷೆ ಮುಗಿಯುವವರೆಗೆ ಮುಟ್ಟಬೇಡ” ಎಂದೆ.

ಓದಿಗೆ ಅದರಿಂದ ಏನು ಲಾಭವಾಯಿತು? ಏನೂ ಇಲ್ಲ. ರಾತ್ರಿ ಗೋಂದು, ಬ್ಲೇಡ್ ಹಿಡಿದು ಕೂರುತ್ತಿದ್ದವನು ಮೊಬೈಲ್ ಹಿಡಿದು ಗೇಮ್ ಆಡತೊಡಗಿದ. ಅದಕ್ಕೆ ನಾನು ಬೈಯಲೂ ಇಲ್ಲ, ಎಲ್ಲ ಮನೆಯಲ್ಲೂ ಹೀಗೇ ಅಲ್ವಾ ಎಂದು ಸುಮ್ಮನಾದೆ. ನೋಡಿ, ಕೈಯಿಂದ ಕೆಲಸ ಮಾಡುವ ಹುಡುಗ ನನಗೆ ಹಾಳಾದವನಂತೆ ಕಂಡ. ಪರದೆ ಉಜ್ಜುತ್ತ ಕೂತ ಹುಡುಗ ಸಹಜವಾಗಿ ಕಂಡ. ನಾನು ಇವತ್ತು ಬರೆಯುತ್ತಿರುವುದು ಈ ತಪ್ಪಿನ ಬಗ್ಗೆಯೇ. ಇದು ನನ್ನೊಬ್ಬನ ತಪ್ಪಲ್ಲ ಎಂದೂ ನನಗೆ ಗೊತ್ತು.

ಮದುವೆ ಮುಗಿಸಿ ಯರಗಟ್ಟಿಗೆ ಬಂದ ಮರುದಿನ ಕಪಾಟು ತೆರೆದೆ. ವಿಮಾನ ಸರಿಯಾಗಿಯೇ ಇತ್ತು, ಬ್ಯಾಟರಿ ಮಾತ್ರ ದಿಂಬಿನ ಹಾಗೆ ಉಬ್ಬಿತ್ತು. “ಲಿಪೋ ಬ್ಯಾಟರಿ ಉಪ್ಪಾ, ಫುಲ್ ಚಾರ್ಜ್ ಮಾಡಿ ಹಾಗೇ ಇಡಬಾರದು. ಅರ್ಧ ಚಾರ್ಜಿನಲ್ಲಿ ಇಡಬೇಕಿತ್ತು. ಇನ್ನು ಇದನ್ನು ಬಳಸಿದರೆ ಬೆಂಕಿ ಹಿಡಿಯಬಹುದು” ಎಂದ. ಅವನ ಮಾತಿನಲ್ಲಿ ದೂರು ಇರಲಿಲ್ಲ. ಹೊಸ ಬ್ಯಾಟರಿಗೆ ದುಡ್ಡು ನಾನೇ ಕೊಟ್ಟೆ.

ಆಗ ಜೋಳ ಕೊಯ್ದು ಹೊಲಗಳೆಲ್ಲ ಬಯಲಾಗಿದ್ದವು. ಎರೆಭೂಮಿ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಚಕ್ರದಲ್ಲಿ ಓಡಿಸಿ ಎಬ್ಬಿಸುವ ಮಾತೇ ಇಲ್ಲ, ಕೈಯಿಂದಲೇ ಎಸೆಯಬೇಕು. ಸುಬಹಿ ಮುಗಿದ ಮೇಲೆ, ಗಾಳಿ ಏಳುವ ಮೊದಲು ಹೋದೆವು. ಮೊದಲ ದಿನ ಎಸೆದದ್ದೇ ಮೂಗಡಿಯಾಗಿ ಬಿತ್ತು. ಹಾರಲು ಏನು ಬೇಕು ಎಂದು ಅವನೇ ನನಗೆ ಪಾಠ ಹೇಳಿದ. ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಕಾಲು ಭಾಗದಷ್ಟು ಹಿಂದೆ ಎರಡೂ ಕಡೆ ಬೆರಳಿಟ್ಟು ಎತ್ತಿದರೆ ವಿಮಾನ ಸಮತೂಕದಲ್ಲಿ ನಿಲ್ಲಬೇಕಂತೆ. ಮೂಗು ಭಾರವಾದರೆ ಬ್ಯಾಟರಿ ಹಿಂದೆ ಸರಿಸಬೇಕು, ಬಾಲ ಭಾರವಾದರೆ ಮುಂದೆ. ಎರಡನೇ ವಾರಕ್ಕೆ ಹಾರಿತು. ಹೊಲದ ಯಜಮಾನರು ಟವೆಲ್ ಹೆಗಲಿಗೆ ಹಾಕಿ ನೋಡುತ್ತ ನಿಂತಿದ್ದವರು, “ಹಜರತ್ರ, ನಿಮ್ಮ ಹುಡುಗ ಭಾಳ ಶಾಣ್ಯಾ ಅದಾನ್ರಿ” ಎಂದರು. ನಾನು ಹೇಳಬೇಕಿದ್ದ ಮಾತನ್ನು ಅವರು ಹೇಳಿದರು.

ಇನ್ನೊಂದು ವಿಷಯವನ್ನೂ ಅವನಿಂದಲೇ ಕಲಿತೆ. ವಿಮಾನ ನಮ್ಮಿಂದ ದೂರ ಹೋಗುವಾಗ ರಿಮೋಟಿನ ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಬಲಕ್ಕೆ ತಿರುಗುತ್ತದೆ. ಅದೇ ವಿಮಾನ ನಮ್ಮ ಕಡೆ ಮುಖ ಮಾಡಿ ಬರುವಾಗ, ಬಲಕ್ಕೆ ಒತ್ತಿದರೆ ನಮ್ಮ ಕಣ್ಣಿಗೆ ಎಡಕ್ಕೆ ಹೋದಂತೆ ಕಾಣುತ್ತದೆ. ಕಲಿಯುವವರ ವಿಮಾನ ಹೆಚ್ಚಾಗಿ ಬೀಳುವುದು ಅಲ್ಲೇ. ಹಾರಿಸುವವನು ವಿಮಾನದೊಳಗೆ ಕೂತಂತೆ ಯೋಚಿಸಬೇಕು. ಮಕ್ಕಳನ್ನು ಬೆಳೆಸುವವರಿಗೂ ಈ ಮಾತು ಬೇಕು ಎಂದು ಅನ್ನಿಸಿತು.

ಈಗ ನಮ್ಮವರು ಕೇಳುವ ಮೂರು ಪ್ರಶ್ನೆಗೆ ಬರುತ್ತೇನೆ. ಮೊದಲನೆಯದು, ಆಟಕ್ಕೆ ದೀನಿನಲ್ಲಿ ಜಾಗ ಉಂಟಾ? ಅಬೂದಾವೂದ್ ಹದೀಸ್ ಗ್ರಂಥದಲ್ಲಿ ಒಂದು ಘಟನೆ ಇದೆ. ಆಯಿಷಾ ಬೀವಿಯವರ ಆಟಿಕೆಗಳ ನಡುವೆ ರೆಕ್ಕೆ ಇರುವ ಕುದುರೆಯೊಂದು ಪ್ರವಾದಿಯವರ ಕಣ್ಣಿಗೆ ಬಿತ್ತು. ಕುದುರೆಗೆ ರೆಕ್ಕೆಯೇ ಎಂದು ವಿಚಾರಿಸಿದಾಗ, ಸುಲೈಮಾನ್ ನಬಿಯವರ ಕುದುರೆಗಳಿಗೆ ರೆಕ್ಕೆ ಇತ್ತಲ್ಲ ಎಂಬ ಉತ್ತರ ಬಂತು. ಅದನ್ನು ಕೇಳಿ ಪ್ರವಾದಿಯವರು ಮನಸಾರೆ ನಕ್ಕರು. ನಾನು ಈ ಹದೀಸನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ನನ್ನ ಮನೆಯೊಳಗೆ ರೆಕ್ಕೆಯ ಆಟಿಕೆ ಬಂದಾಗ ನಾನು ನಗಲಿಲ್ಲ, ಬೀಗ ಹಾಕಿದೆ.

ಎರಡನೆಯದು, ಇದರಿಂದ ಏನು ಪ್ರಯೋಜನ? ನಮ್ಮ ಚರಿತ್ರೆಯನ್ನೇ ನೋಡಿ. 1206ರಲ್ಲಿ ಅಲ್-ಜಝರಿ ತಾನು ಮಾಡಿದ ಯಂತ್ರಗಳ ಬಗ್ಗೆ ಚಿತ್ರ ಸಹಿತ ಪುಸ್ತಕ ಬರೆದರು. ನೀರಿನ ಬಲದಿಂದ ನಡೆಯುವ ಆನೆ ಗಡಿಯಾರ ಅದರಲ್ಲಿದೆ. ನೋಡುವವರಿಗೆ ಅದು ಆಟಿಕೆ, ಮಾಡುವವನಿಗೆ ಅದು ವಿಜ್ಞಾನ. ರೇಡಿಯೋ ಅಲೆಯಿಂದ ನಡೆಸುವ ಮಾದರಿಗಳ ಕಥೆಯೂ ಹೀಗೇ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ನೀರಿನ ತೊಟ್ಟಿಯೊಳಗೆ ಒಂದು ಪುಟ್ಟ ದೋಣಿಯನ್ನು ತಂತಿಯಿಲ್ಲದೆ ದೂರದಿಂದ ಓಡಿಸಿ ತೋರಿಸಿದರು. ಇವತ್ತು ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್ ಬಂದಿದೆ. ಆಟ ಎಲ್ಲಿ ಮುಗಿಯಿತು, ಕಸುಬು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆಗುವುದಿಲ್ಲ.

ಆದರೆ ಕಸುಬಿಗೆ ಆಗುತ್ತದೆ ಎಂಬ ಕಾರಣಕ್ಕೇ ಹವ್ಯಾಸ ಬೇಕು ಎಂದು ನಾನು ಹೇಳುವುದಿಲ್ಲ. ಮಗ ಇಂಜಿನಿಯರ್ ಆಗದಿದ್ದರೂ ಪರವಾಗಿಲ್ಲ. ಬಿದ್ದ ವಿಮಾನವನ್ನು ಹತ್ತು ಸಲ ಅಂಟಿಸಿ ಹನ್ನೊಂದನೇ ಸಲ ಹಾರಿಸಿದವನಿಗೆ ಸಬ್ರ್ ಎಂದರೆ ಏನೆಂದು ನಾನು ಬೋರ್ಡಿನ ಮೇಲೆ ಬರೆದು ಕಲಿಸಬೇಕಾಗಿಲ್ಲ. ಅಷ್ಟು ಸಾಕು.

ಮೂರನೆಯದು ಫೋಟೋದ ಪ್ರಶ್ನೆ. ನನ್ನ ಮಗಳಿಗೆ ಫೋಟೋ ತೆಗೆಯುವ ಹುಚ್ಚು. ಮದ್ರಸದ ಉಸ್ತಾದರ ಮನೆಯಲ್ಲೇ ಫೋಟೋ ಎಂದು ಮೂಗು ಮುರಿಯುವವರಿದ್ದಾರೆ. ಜೀವಿಗಳ ಫೋಟೋದ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯ ಇರುವುದು ನಿಜ. ಅದನ್ನು ಈ ಅಂಕಣದಲ್ಲಿ ತೀರ್ಮಾನ ಮಾಡುವಷ್ಟು ದೊಡ್ಡವನು ನಾನಲ್ಲ. ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ. ಆದರೆ ಮರ, ಮಳೆ, ಬೆಟ್ಟ, ಹಳೆಯ ಮನೆಯ ಬಾಗಿಲು, ಮಸೀದಿಯ ಮರದ ಕೆತ್ತನೆ, ಇವಕ್ಕೆಲ್ಲ ತಕರಾರು ಎಲ್ಲಿದೆ? ಮದೀನಾದ ಮೊದಲ ಫೋಟೋಗಳನ್ನು 1861ರಲ್ಲಿ ತೆಗೆದವರು ಈಜಿಪ್ಟಿನ ಸೇನಾ ಇಂಜಿನಿಯರ್ ಮುಹಮ್ಮದ್ ಸಾದಿಕ್ ಬೇ. 1880ರಲ್ಲಿ ಮಕ್ಕಾವನ್ನೂ ತೆಗೆದರು. ಆಗಿನ ಹರಮ್ ಹೇಗಿತ್ತು ಎಂದು ಇಂದು ನಾವು ಕಣ್ಣಾರೆ ಕಾಣುವುದು ಅವರು ಆ ಮರುಭೂಮಿಗೆ ಗಾಜಿನ ಫಲಕಗಳನ್ನು ಹೊತ್ತೊಯ್ದ ಕಾರಣದಿಂದ.

ಕ್ಯಾಮೆರಾದ ಮೂಲವೂ ನಮಗೆ ಪರಕೀಯವಲ್ಲ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್-ಹೈಸಮ್ ಸಾವಿರ ವರ್ಷಗಳ ಹಿಂದೆಯೇ ಕತ್ತಲ ಕೋಣೆ, ಸಣ್ಣ ತೂತು, ಬೆಳಕು ಇವುಗಳ ಪರೀಕ್ಷೆ ಮಾಡಿ ‘ಕಿತಾಬುಲ್ ಮನಾಝಿರ್’ ಬರೆದರು. ಇದನ್ನು ಮದ್ರಸದ ಮಕ್ಕಳಿಗೆ ಮಾತಿನಲ್ಲಿ ಹೇಳಿದಾಗ ಅರ್ಧ ಮಕ್ಕಳು ಆಕಳಿಸಿದರು. ಒಂದು ದಿನ ಚಪ್ಪಲಿಯ ರಟ್ಟಿನ ಪೆಟ್ಟಿಗೆಗೆ ಒಂದು ಕಡೆ ಸೂಜಿಯಿಂದ ತೂತು ಮಾಡಿ, ಎದುರಿನ ಬದಿ ಕತ್ತರಿಸಿ ಬಟರ್ ಪೇಪರ್ ಅಂಟಿಸಿದೆ. ತಲೆಯ ಮೇಲೆ ಕಂಬಳಿ ಹೊದೆಸಿ ಬಿಸಿಲಲ್ಲಿ ನಿಂತ ಬೇವಿನ ಮರದ ಕಡೆ ತಿರುಗಿಸಿ ನೋಡಲು ಹೇಳಿದೆ. ಮರ ತಲೆಕೆಳಗಾಗಿ ಕಾಗದದ ಮೇಲೆ ಕಂಡಾಗ ಅವರು ಹಾಕಿದ ಕೂಗು ಬೀದಿಗೆಲ್ಲ ಕೇಳಿತು. ಖರ್ಚು ಇಪ್ಪತ್ತು ರೂಪಾಯಿಯೂ ಇಲ್ಲ. ಇದನ್ನು ನೀವೂ ಮನೆಯಲ್ಲಿ ಮಾಡಬಹುದು.

ಮಗಳ ಹತ್ತಿರ ಇರುವುದು ನನ್ನ ಹಳೆಯ ಮೊಬೈಲ್ ಮಾತ್ರ. ಸವದತ್ತಿಯ ಕಡೆ ಹೋದಾಗ ನವಿಲುತೀರ್ಥದ ಬೆಟ್ಟದ ಮೇಲಿನ ಮೋಡ ತೆಗೆಯುತ್ತಾಳೆ. ಬೆಳಿಗ್ಗೆ, ಸಂಜೆಯ ಓರೆ ಬೆಳಕಿನಲ್ಲಿ ತೆಗೆದರೆ ಕಲ್ಲಿನ ಏರುತಗ್ಗು ಎದ್ದು ಕಾಣುತ್ತದೆ, ನಡುಮಧ್ಯಾಹ್ನ ಎಲ್ಲ ಬೆಳ್ಳಗೆ ಚಪ್ಪಟೆ ಎಂದು ತಾನೇ ಕಂಡುಕೊಂಡಿದ್ದಾಳೆ. ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಫೋಟೋ ತೆಗೆದರಲ್ಲ, ಅದು ಹೊಟ್ಟೆಪಾಡಿಗಲ್ಲ. ಆದರೆ ಕನ್ನಡದ ಮಕ್ಕಳಿಗೆ ತಮ್ಮ ನಾಡಿನ ಹಕ್ಕಿಗಳ ಪರಿಚಯ ಕನ್ನಡದಲ್ಲೇ ಸಿಕ್ಕಿದ್ದರಲ್ಲಿ ಆ ಹವ್ಯಾಸದ ಪಾಲು ದೊಡ್ಡದು.

ಊರಿಗೆ ಹೋಗಿದ್ದಾಗ ಮಗಳು ತನ್ನ ಮುತ್ತಜ್ಜಿಯ ಬಳಿ ಕೂತಳು. ಅವರ ಕಿವಿಯ ಅಂಚಿನುದ್ದಕ್ಕೂ ಅಲಿಕತ್ತ್ ಇದೆ. ನಮ್ಮ ಹಿಂದಿನ ತಲೆಮಾರಿನ ಹೆಂಗಸರು ತೊಡುತ್ತಿದ್ದ ಆಭರಣ. ಈಗಿನ ಮದುಮಗಳಂದಿರಲ್ಲಿ ಎಷ್ಟು ಮಂದಿ ತೊಡುತ್ತಾರೆ? ಫೋಟೋ ತೆಗೆಯಲಾ ಎಂದು ಕೇಳಿದ್ದಕ್ಕೆ ಅಜ್ಜಿ, “ಮುಖ ಬೇಡ ಮೋಳೆ, ಕಿವಿ ಮಾತ್ರ ತೆಗಿ” ಎಂದರಂತೆ. ಹಾಗೇ ತೆಗೆದಳು. ಆ ಫೋಟೋ ನೋಡಿದಾಗ ನನಗೆ ಅನ್ನಿಸಿದ್ದು ಇದು. ನಮ್ಮ ಮನೆಗಳಲ್ಲಿ ಮದುವೆಯ ಆಲ್ಬಮ್‌ಗಳು ರಾಶಿ ಬಿದ್ದಿವೆ. ಅಲಿಕತ್ತಿನ, ಬೀಡಿ ಸುತ್ತುವ ಮೊರದ, ಹಂಚಿನ ಮನೆಯ ಜಗಲಿಯ, ಮೀನಿನ ಬುಟ್ಟಿಯ ಫೋಟೋ ಎಷ್ಟು ಇವೆ? ಹಳೆಯ ಮಂಗಳೂರಿನ ಚಿತ್ರ ಬೇಕಾದಾಗ ನಾವು ಬಾಸೆಲ್ ಮಿಷನ್‌ನವರ ಸಂಗ್ರಹ ಹುಡುಕುತ್ತೇವೆ. ನಮ್ಮ ಬದುಕನ್ನು ನಮ್ಮ ಮಕ್ಕಳೇ ಪ್ರೀತಿಯಿಂದ ಸೆರೆ ಹಿಡಿದರೆ ನಾಳೆಯವರು ಬೇರೆಯವರ ಬಾಗಿಲು ತಟ್ಟಬೇಕಾಗಿಲ್ಲ.

ಹವ್ಯಾಸಕ್ಕೂ ಒಂದು ಮೇರೆ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ನಮ್ಮ ಮನೆಯ ಕಟ್ಟುಪಾಡು ಇಷ್ಟು. ನಮಾಝಿನ ಹೊತ್ತಿಗೆ ರಿಮೋಟ್ ಕೆಳಗಿಡಬೇಕು. ದುಡ್ಡು ಸ್ವಂತ ಉಳಿತಾಯದಿಂದ ಬರಬೇಕು, ಸಾಲ ಇಲ್ಲ. ಯಾರ ಫೋಟೋ ಆದರೂ ಕೇಳಿಯೇ ತೆಗೆಯಬೇಕು, ಹೆಂಗಸರ ಫೋಟೋ ಯಾವ ಗುಂಪಿಗೂ ಕಳಿಸುವಂತಿಲ್ಲ. ಬ್ಯಾಟರಿ ಚಾರ್ಜಿಗೆ ಇಟ್ಟು ಮಲಗುವಂತಿಲ್ಲ. ಹಾರಿಸುವುದು ಕಣ್ಣಳತೆಯಲ್ಲಿ ಮಾತ್ರ, ಜನರ ತಲೆ ಮೇಲೆ, ವಿದ್ಯುತ್ ತಂತಿಯ ಹತ್ತಿರ, ಅಣೆಕಟ್ಟಿನ ಕಡೆ ಇಲ್ಲ. ಸರ್ಕಾರದ 2021ರ ಡ್ರೋನ್ ನಿಯಮಗಳನ್ನೂ ಹೆತ್ತವರು ಒಮ್ಮೆ ಓದಿಕೊಳ್ಳಿ. 250 ಗ್ರಾಂವರೆಗಿನದು ನ್ಯಾನೋ, ಅದರ ಮೇಲೆ 2 ಕಿಲೋವರೆಗಿನದು ಮೈಕ್ರೋ. ಖುಷಿಗಾಗಿ ಇವನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಆದರೆ ಹಸಿರು ವಲಯದಲ್ಲೂ 400 ಅಡಿಗಿಂತ ಮೇಲೆ ಹೋಗಬಾರದು. ವಿಮಾನ ನಿಲ್ದಾಣದ ಸುತ್ತ ಬೇರೆಯೇ ಕಟ್ಟುನಿಟ್ಟು ಇದೆ. ಸಾಂಬ್ರಾ ಆಗಲಿ, ಬಜ್ಪೆ ಆಗಲಿ, ಅದರ ಹತ್ತಿರ ಇರುವವರು ಜಾಗ್ರತೆ.

ಜಮಾಅತ್‌ಗಳಲ್ಲಿ, ಶಾಲೆ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ರಜೆಯಲ್ಲಿ ಮಕ್ಕಳಿಗೆ ಭಾಷಣ ಸ್ಪರ್ಧೆ ಇಡುತ್ತೀರಿ, ಸಂತೋಷ. ಜತೆಗೆ ಒಂದು ದಿನ ರಟ್ಟಿನ ಪೆಟ್ಟಿಗೆಯ ಕ್ಯಾಮೆರಾ, ಥರ್ಮಾಕೋಲಿನ ವಿಮಾನ ಮಾಡಲು ಕೂರಿಸಿ. ಹೆಣ್ಣುಮಕ್ಕಳನ್ನೂ ಕರೆಯಿರಿ. ಊರಿನ ಹಳೆಯ ವಸ್ತುಗಳ ಫೋಟೋ ಮಕ್ಕಳಿಂದಲೇ ತೆಗೆಸಿ, ಮೀಲಾದ್ ಸಮಯದಲ್ಲಿ ಗೋಡೆಗೆ ಅಂಟಿಸಿ. ಮದುವೆಯ ವಿಡಿಯೋದ ಒಂದು ಗಂಟೆಯ ಖರ್ಚಿನಲ್ಲಿ ಇದೆಲ್ಲ ಮುಗಿಯುತ್ತದೆ.

ಮೊನ್ನೆ ಮಳೆ ಹಿಡಿಯುವ ಮೊದಲು ಕೊನೆಯ ಸಲ ಹೊಲಕ್ಕೆ ಹೋದಾಗ ಮಗ ರಿಮೋಟನ್ನು ನನ್ನ ಕೈಗೆ ಕೊಟ್ಟ. ಅರ್ಧ ನಿಮಿಷದಲ್ಲಿ ವಿಮಾನವನ್ನು ಬದುವಿನ ಮೇಲೆ ಕೆಡವಿದೆ. ಒಂದು ರೆಕ್ಕೆ ಮುರಿಯಿತು. ಅವನು ಬೈಯಲಿಲ್ಲ. “ಪರವಾಗಿಲ್ಲ ಉಪ್ಪಾ, ಅಂಟಿಸಬಹುದು” ಎಂದ.

ನಿಮ್ಮ ಮನೆಯ ಕಪಾಟಿನಲ್ಲೂ ಯಾವುದಾದರೂ ಮಗುವಿನ ಇಂಥದ್ದೊಂದು ವಸ್ತು ಬೀಗದೊಳಗೆ ಇದೆಯಾ? ಇದ್ದರೆ ಇವತ್ತೇ ತೆರೆದು ಕೊಟ್ಟುಬಿಡಿ.