ಮುಚ್ಚಿದ ಕದ, ಕಬ್ಬಿಣದ ಬೆಸುಗೆ

ಮಾರ್ಗಶೀರ್ಷವು ಬಂದಿತೆಂದರೆ ನಮ್ಮ ದಡ್ಡಿಯಲ್ಲಿ ಘಟಪ್ರಭೆಯ ಮೇಲಿನಿಂದ ಬೀಸುವ ಗಾಳಿಯು ಎಲುಬಿಗೆ ನಾಟುವದು. ಕಬ್ಬಿನ ಹಂಗಾಮವೂ ಅದೇ ಕಾಲಕ್ಕೆ. ಹಗಲೆಲ್ಲ ಸಾಗಾಣಿಕೆ ನಡೆಯುವದರಿಂದ ಟ್ರಾಲಿಯ ಕೊಂಡಿಯೋ ಪಡಕಿನ ಕಂಬಿಯೋ ಮುರಿದರೆ ರಾತ್ರಿಯಲ್ಲಿಯೇ ಬೆಸೆಯಬೇಕು. ಪೂರ್ವದಲ್ಲಿ ಕಮ್ಮಾರನ ಕುಲುಮೆಗೆ ಹೋಗುತ್ತಿದ್ದ ಈ ಕೆಲಸವು ಈಗ ಹಿತ್ತಿಲ ಕೊಟ್ಟಿಗೆಯಲ್ಲಿ ವಿದ್ಯುತ್ತಿನಿಂದ ಆಗುತ್ತಿರುವದು. (ದಡ್ಡಿಯೆಂದರೆ ದನ ಕೂಡುವ ಸ್ಥಳ, ದನ ಹೋಗಿ ಟ್ರಾಕ್ಟರು ಬಂದರೂ ಹೆಸರು ತಪ್ಪಲಿಲ್ಲ.)

ಹೋದ ವರ್ಷ ಪುಷ್ಯಮಾಸದ ಒಂದು ರಾತ್ರಿ ನನ್ನ ಅಣ್ಣನ ಮಗನು ಸತುವಿನ ಲೇಪವುಳ್ಳ ಕೊಳವೆಗಳನ್ನು ಬೆಸೆಯುತ್ತ ಕುಳಿತಿದ್ದನು. ಥಂಡಿ ತಗಲೀತೆಂದು ಕದವನ್ನಿಕ್ಕಿದವನು ನಾನೇ. ನಡುರಾತ್ರಿಗೆ ಹುಡುಗನಿಗೆ ನಡುಕ, ಜ್ವರ, ಮೈಕೈನೋವು, ಬಾಯಲ್ಲಿ ಲೋಹದ ರುಚಿ. ಚಳಿಜ್ವರವೆಂದು ಕಷಾಯ ಕೊಟ್ಟೆವು. ಮರುದಿನ ಸಾಯಂಕಾಲಕ್ಕೆ ಇಳಿಯಿತು. ಕಷಾಯದ ಕೀರ್ತಿ ಓಣಿಯಲ್ಲೆಲ್ಲ ಹಬ್ಬಿತು! ಎಂಟು ದಿನಗಳ ತರುವಾಯ ಅದೇ ಕೊಳವೆ, ಅದೇ ಮುಚ್ಚಿದ ಕದ, ಅದೇ ಜ್ವರ. ಆಗ ವೈದ್ಯರು ಕೇಳಿದ ಪ್ರಶ್ನೆಯೊಂದೇ: “ಬಿಳಿಯ ಹೊಗೆ ಎದ್ದಿತ್ತೇ?”

ಉಕ್ಕು ಕರಗಬೇಕಾದರೆ ೧೫೦೦ ಅಂಶಗಳಷ್ಟು ಉಷ್ಣತೆ ಬೇಕು. ಸತುವಾದರೋ ೯೦೭ ಅಂಶಗಳಿಗೇ ಕುದಿದು ಆವಿಯಾಗುವದು. ಆದ್ದರಿಂದ ಕಬ್ಬಿಣವು ಕೂಡುವ ಮೊದಲೇ ಸತುವು ಹೊಗೆಯಾಗಿ ಏಳುವದು. ಸಂಧಿಪ್ರಕರಣವನ್ನು ಕಲಿಸುತ್ತ ಮುದುಕನಾದ ನನಗೆ ಈ ಸಂಧಿಯ ಸೂತ್ರ ತಿಳಿದಿರಲಿಲ್ಲ. ವ್ಯಾಕರಣದಲ್ಲಿ ಲೋಪವಾದ ಅಕ್ಷರವು ಎಲ್ಲಿಗೂ ಹೋಗುವದಿಲ್ಲ. ಇಲ್ಲಿ ಲೋಪವಾದ ಸತುವು ಶ್ವಾಸಕೋಶಕ್ಕೆ ಹೋಗುವದು. ಜ್ವರವು ಕೆಲವು ತಾಸುಗಳ ಮೇಲೆ ಬರುವದರಿಂದ ಕಾರಣವು ಮರೆಯಾಗಿ ಚಳಿಯ ಮೇಲೆ ಅಪವಾದ ಬೀಳುವದು. ಬೆಲ್ಲ ತಿಂದರೆ, ಹಾಲು ಕುಡಿದರೆ ಹೊಗೆ ಇಳಿಯುವದೆಂಬ ಮಾತನ್ನು ನಂಬತಕ್ಕದ್ದಲ್ಲ. ಹೊಟ್ಟೆಯ ದಾರಿ ಬೇರೆ, ಉಸಿರಿನ ದಾರಿ ಬೇರೆ. ಮೂಗಿಗೆ ಕಟ್ಟಿದ ವಸ್ತ್ರವೂ ಈ ಸೂಕ್ಷ್ಮ ಹೊಗೆಯನ್ನು ತಡೆಯದು. ಉಸಿರು ಸಿಕ್ಕಿಕೊಂಡರೆ ಮಾತ್ರ ಬೆಳಗಾಗುವದನ್ನು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಸಾಧ್ಯವಾದರೆ ಅಂಗಳದಲ್ಲಿಯೇ ಬೆಸೆಯಿರಿ. ಒಳಗೇ ಆಗಬೇಕಾದರೆ ಎದುರುಬದುರು ಕದಗಳೆರಡೂ ತೆರೆದಿರಲಿ. ಗಾಳಿಯು ಮಗ್ಗುಲಿನಿಂದ ಬಂದು ಹೊಗೆಯನ್ನು ಮುಖದಿಂದ ಆಚೆಗೆ ಒಯ್ಯುವಂತೆ ಕುಳಿತುಕೊಳ್ಳಿರಿ. ಕೂಡುವ ಸ್ಥಳದ ಎರಡೂ ಮಗ್ಗುಲಿಗೆ ಎರಡೆರಡು ಅಂಗುಲ ಲೇಪವನ್ನು ಮೊದಲೇ ಉಜ್ಜಿ ತೆಗೆಯುವದು ಲೇಸು; ಅದನ್ನೂ ಹೊರಗೇ ಮಾಡಬೇಕು. ಚಳಿಗೆಂದು ಒಳಗೆ ಇದ್ದಲಿಯ ಅಗ್ಗಿಷ್ಟಿಕೆಯನ್ನಿಡುವದಂತೂ ಪ್ರಾಣಕ್ಕೇ ಅಪಾಯ. ಅದರ ವಿಷವಾಯುವಿಗೆ ವಾಸನೆಯಿಲ್ಲ.

ನೈಲಾನಿನ ಅಂಗಿ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುವದು. ಹತ್ತಿ, ಉಣ್ಣೆ ಮೇಲು. ಇಬ್ಬನಿಯಿಂದ ತೊಯ್ದ ನೆಲದಲ್ಲಿ ನಿಲ್ಲಬಾರದು, ಒಣ ಹಲಗೆ ಬೇಕು. ರವದಿ, ಕಣಿಕೆಗಳನ್ನು ದೂರ ಸರಿಸಿ, ಕೆಲಸ ಮುಗಿದ ಮೇಲೂ ಅರ್ಧ ತಾಸು ಅಲ್ಲಿಯೇ ಕಾದಿರಬೇಕು.

ಇನ್ನು ಮಕ್ಕಳ ಮಾತು. ಚಳಿ ಕಾಯಿಸುವ ನೆವದಿಂದ ಸುತ್ತ ಕೂಡಿ ಆ ನೀಲಿಯ ಬೆಳಕನ್ನೇ ದಿಟ್ಟಿಸುವರು. ಆ ಹೊತ್ತಿಗೆ ಏನೂ ತೋರದು. ರಾತ್ರಿಯಲ್ಲಿ ಕಣ್ಣೊಳಗೆ ಮರಳು ಸುರಿದಂತಾಗಿ ಅಳುವರು. ಬೆಸೆಯುವವನಿಗೆ ಕಪ್ಪು ಗಾಜಿನ ಮುಖವಾಡವುಂಟು, ನೋಡುವವರಿಗೇನುಂಟು? ಅವರನ್ನು ಒಳಗೆ ಕಳಿಸಿರಿ. ನಡುವೆ ಒಂದು ತಗಡನ್ನು ಮರೆಯಾಗಿ ನಿಲ್ಲಿಸಿರಿ.

ಈ ಸಲ ನನ್ನ ಅಣ್ಣನ ಮಗನು ಕೊಟ್ಟಿಗೆಯ ಕದವನ್ನೇ ಬಿಚ್ಚಿ ಗೋಡೆಗೆ ಒರಗಿಸಿರುವನು. ಥಂಡಿಗೆಂದು ನನ್ನ ಹಳೆಯ ಕಂಬಳಿಯನ್ನು ಕೇಳಿ ಒಯ್ದನು. ಮೊನ್ನೆ ನೋಡಿದೆ, ಅದರಲ್ಲಿ ಮೂರು ತೂತುಗಳಾಗಿರುವವು.